ಮಡಚುವ ಸೋಲಾರ್ ಕಿಟ್: ಒಂದೂಕಾಲು ಗಂಟೆಗೆ 8 ಕಿಲೋಮೀಟರ್

ಹೈಡ್ರೋಜನ್ ಕಾರಿಗೆ ಕಾದು ಕಾದು ಸಾಕಾಗಿ ಎಲೆಕ್ಟ್ರಿಕ್ ಕಾರು ಕೊಂಡೆ. ಟೊಯೋಟಾ ಮಿರಾಯ್ ಮಾರುಕಟ್ಟೆಗೆ ಬಂದಿದ್ದು 2014ರಲ್ಲಿ. ಹೈಡ್ರೋಜನ್ ತುಂಬಿಸುವ ಬಂಕನ್ನು ಮಾತ್ರ ಇವತ್ತಿಗೂ ಹುಡುಕಿಕೊಂಡು ಹೋಗಬೇಕು. ಅಲ್ಲಿಯವರೆಗೆ ಬಿಸಿಲು ಪುಕ್ಕಟೆ ಸಿಗುತ್ತದೆ, ಅಲ್ವಾ? ಹಾಗಂತ ಕಾರು ಚಾರ್ಜ್ ಮಾಡಲು ಈ ಕಿಟ್ ತರಿಸಿದೆ. 200 ವಾಟ್‌ನ ಎರಡು ಮಡಚುವ ಪ್ಯಾನೆಲ್, 2 ಯೂನಿಟ್ ಕರೆಂಟ್ ಹಿಡಿಯುವ ಬ್ಯಾಟರಿ ಪೆಟ್ಟಿಗೆ. ಪೆಟ್ಟಿಗೆ 23 ಕಿಲೋ, ಸೊಂಟ ಜೋಪಾನ.

ಪ್ಯಾನೆಲನ್ನು ನೇರವಾಗಿ ಕಾರಿಗೆ ಸಿಕ್ಕಿಸಲು ಬರುವುದಿಲ್ಲ. ಕಾರಿಗೆ ಕಡಿಮೆ ಅಂದರೂ 6 ಆಂಪ್ ಬೇಕು. 230 ವೋಲ್ಟ್‌ನಲ್ಲಿ ಅದು 1,380 ವಾಟ್. ನನ್ನ ಪ್ಯಾನೆಲ್‌ಗಳು ನಡು ಮಧ್ಯಾಹ್ನ ಒಟ್ಟಿಗೆ ಕೊಡುವುದು 300 ವಾಟ್ ಆಸುಪಾಸು. ಅದಕ್ಕೇ ಪೆಟ್ಟಿಗೆ ಮೊದಲು ತುಂಬಬೇಕು, ಆಮೇಲೆ ಕಾರಿಗೆ ಸುರಿಯಬೇಕು. ಒಳ್ಳೆಯ ಬಿಸಿಲಿದ್ದ ದಿನ ಒಂದೂವರೆ ಯೂನಿಟ್ ಸಿಕ್ಕರೆ ಪುಣ್ಯ. ಅದೂ ಅಪ್ಪ ಗಂಟೆಗೊಮ್ಮೆ ಎದ್ದು ಹೋಗಿ ಪ್ಯಾನೆಲನ್ನು ಸೂರ್ಯನ ಕಡೆ ತಿರುಗಿಸಿದ್ದಕ್ಕೆ.

ಮೊದಲ ಸಲ ಪೆಟ್ಟಿಗೆಯನ್ನು ಕಾರಿಗೆ ಜೋಡಿಸಿದಾಗ ಚಾರ್ಜರ್ ಕೆಂಪು ದೀಪ ತೋರಿಸಿ ಸುಮ್ನೆ ಕೂತಿತು. ಅರ್ಥಿಂಗ್ ಇಲ್ಲವಂತೆ! ಮಾರಿದವರಿಗೆ ಮೂರು ಸಲ ಫೋನ್ ಮಾಡಿದ ಮೇಲೆ ತಿಳಿದದ್ದು, ಈ ಪೆಟ್ಟಿಗೆಯೊಳಗೆ ನ್ಯೂಟ್ರಲ್ ಮತ್ತು ಅರ್ಥ್ ಕೂಡಿಕೊಂಡಿಲ್ಲ, ಅವೆರಡನ್ನೂ ಕೂಡಿಸುವ ಪ್ಲಗ್ ಬೇರೆ ತರಿಸಬೇಕು ಅಂತ. ಕಾರಿಗೂ ಆಗುತ್ತದೆ ಎಂದು ಡಬ್ಬದ ಮೇಲೆ ಅಚ್ಚು ಹಾಕಿದವರು ಅದನ್ನು ಜೊತೆಗೇ ಇಡಬೇಡವೇ?

ಪ್ಲಗ್ ಬಂದ ಮೇಲೆ ತುಂಬಿದ ಪೆಟ್ಟಿಗೆ ಒಂದೂಕಾಲು ಗಂಟೆಯಲ್ಲಿ ಖಾಲಿ. ಕಾರು ಇನ್ನೆಷ್ಟು ದೂರ ಓಡುತ್ತದೆ ಎಂದು ತೋರಿಸುವ ಮೀಟರ್ ಏರಿದ್ದು 8 ಕಿಲೋಮೀಟರ್. 2 ಯೂನಿಟ್‌ಗೆ 12-13 ಬರಬೇಕಿತ್ತು. ಉಳಿದದ್ದನ್ನು ಪೆಟ್ಟಿಗೆಯ ಇನ್ವರ್ಟರ್ ಒಂದಿಷ್ಟು ತಿಂದಿತು, ಚಾರ್ಜ್ ಆಗುವಾಗ ಎಚ್ಚರವಾಗಿರುವ ಕಾರಿನ ಕಂಪ್ಯೂಟರ್, ಪಂಪುಗಳು ಇನ್ನೊಂದಿಷ್ಟು. ನಿಧಾನ ಚಾರ್ಜ್‌ನಲ್ಲಿ ಈ ಸೋರಿಕೆ ಜಾಸ್ತಿಯೇ.

ಪ್ಯಾನೆಲನ್ನು ಕಾರಿನ ಮೈಗೇ ಹಾಕಿದ್ದರೆ? ಲೈಟ್‌ಇಯರ್ ಕಂಪನಿ 5 ಚದರ ಮೀಟರ್ ಹಾಕಿ, ದಿನಕ್ಕೆ 70 ಕಿಲೋಮೀಟರ್‌ವರೆಗೂ ಬಿಸಿಲಿನಿಂದಲೇ ಓಡುತ್ತದೆ ಅಂದಿತ್ತು. 2023ರ ಜನವರಿಯಲ್ಲಿ ಆ ಕಾರಿನ ತಯಾರಿಕೆಯೇ ನಿಂತಿತು. ನಿಜ ಹೇಳಬೇಕೆಂದರೆ, ದಾರಿ ಮಧ್ಯೆ ಚಾರ್ಜ್ ಮುಗಿಯುವ ಭಯಕ್ಕೆ ಬಿಎಂಡಬ್ಲ್ಯು ಐ3 ಎಂಬ ಎಲೆಕ್ಟ್ರಿಕ್ ಕಾರಿನ ಉಪಾಯವೇ ನನಗೆ ಇಷ್ಟ. 647 ಸಿಸಿಯ ಪುಟ್ಟ ಪೆಟ್ರೋಲ್ ಎಂಜಿನ್, 9 ಲೀಟರ್ ಟ್ಯಾಂಕ್. ಎಂಜಿನ್ ಚಕ್ರ ತಿರುಗಿಸುವುದಿಲ್ಲ, ಕರೆಂಟ್ ಮಾತ್ರ ಹುಟ್ಟಿಸುತ್ತದೆ. ಹೊಗೆ ಬರುತ್ತದೆ, ಒಪ್ಪಿದೆ. ಆದರೆ ಮನೆ ಮುಟ್ಟಿಸುತ್ತದೆ.

ಐದಕ್ಕೆ ಎರಡು ನಕ್ಷತ್ರ ಕೊಡೋಣ ಅಂತಿದ್ದೆ. ಹೋದ ತಿಂಗಳು ಕಾರಿನ 12 ವೋಲ್ಟ್ ಬ್ಯಾಟರಿ ಸತ್ತಿತು. ದೊಡ್ಡ ಬ್ಯಾಟರಿ ತುಂಬಿದ್ದರೂ ಈ ಪುಟಾಣಿ ಇಲ್ಲದೆ ಕಾರು ಕಣ್ಣು ಬಿಡುವುದಿಲ್ಲ. ಮನೆಯಲ್ಲಿ ಕರೆಂಟೂ ಇರಲಿಲ್ಲ. ಪೆಟ್ಟಿಗೆಗೆ ಸಣ್ಣ ಚಾರ್ಜರ್ ಸಿಕ್ಕಿಸಿ ಅರ್ಧ ಗಂಟೆ ಬಿಟ್ಟೆ, ಕಾರು ಎದ್ದಿತು. ಅದಕ್ಕೊಂದು ನಕ್ಷತ್ರ ಸೇರಿಸಿ ಮೂರು.