ಮಜ್ದಾ ಮಿಯಾಟಾ: ಕ್ಲಚ್ ಪ್ಲೇಟ್ ಹೋಯ್ತು ಅನ್ನುವ ಮುಂಚೆ ಸ್ಲೇವ್ ಸಿಲಿಂಡರ್ ನೋಡಿ

ಮಜ್ದಾದ ಎರಡು ಸೀಟಿನ ಸ್ಪೋರ್ಟ್ಸ್ ಕಾರು ಮಿಯಾಟಾದ ಮೊದಲ ತಲೆಮಾರಿನ ಬಗ್ಗೆ ಓದುವವರಿಗೆ ಅದರ ಎದ್ದು ನಿಲ್ಲುವ ಹೆಡ್‌ಲೈಟು, ಹಗುರ ಮೈ, 1989ರ ಫೆಬ್ರವರಿಯಲ್ಲಿ ಶಿಕಾಗೋ ಆಟೋ ಶೋನಲ್ಲಿ ಕಾಣಿಸಿಕೊಂಡ ಕಥೆ ಎಲ್ಲ ಗೊತ್ತೇ ಇರುತ್ತದೆ. ಅದನ್ನೆಲ್ಲ ಬಿಡುತ್ತೇನೆ. ಈ ಕಾರನ್ನು ದೀರ್ಘಕಾಲ ಬಳಸುವವರ ತಾಳ್ಮೆ ಕೆಡಿಸುವುದು ಒಂದೇ ವಸ್ತು: ಗೇರ್‌ಬಾಕ್ಸಿನ ಬಲ ಪಕ್ಕಕ್ಕೆ ಎರಡು ಬೋಲ್ಟಿನಲ್ಲಿ ಕೂತಿರುವ ಕ್ಲಚ್ ಸ್ಲೇವ್ ಸಿಲಿಂಡರ್, ಅಂದರೆ ಪೆಡಲಿನಿಂದ ಬಂದ ದ್ರವದ ಒತ್ತಡದಲ್ಲಿ ಕ್ಲಚ್ ಬಿಡಿಸುವ ಪುಟ್ಟ ಸಿಲಿಂಡರ್. ಎಂಜಿನ್ ಲಕ್ಷಾಂತರ ಮೈಲಿ ಓಡುತ್ತದೆ, ಡಿಫರೆನ್ಶಿಯಲ್ ತಂಟೆ ಮಾಡುವುದಿಲ್ಲ. ಇದು ಮಾತ್ರ ಕೆಲವು ವರ್ಷಕ್ಕೊಮ್ಮೆ ಕೈ ಕೊಡುತ್ತದೆ, ಅದೂ ಹೇಳದೆ ಕೇಳದೆ.

ಅಷ್ಟು ಸಣ್ಣ ಭಾಗದ ಮೇಲೆ ಇಷ್ಟು ಸಿಟ್ಟು ಯಾಕೆಂದರೆ ಈ ಕಾರಿನ ಸುಖವೆಲ್ಲ ಗೇರ್ ಹಾಕುವುದರಲ್ಲೇ ಇದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿ, ಐಡಲ್ ಇಳಿಯುವವರೆಗೆ ಸ್ವಲ್ಪ ಕಾದು, ಕ್ಲಚ್ ಒತ್ತಿ, ಒಂದು ಉಸಿರು ಬಿಟ್ಟು ಮೊದಲ ಗೇರ್. ತಣ್ಣಗಿರುವಾಗ ಎರಡನೇ ಗೇರಿನ ಸಿಂಕ್ರೊ (ಗೇರ್ ಕೂರುವ ಮುಂಚೆ ವೇಗ ಹೊಂದಿಸುವ ಉಂಗುರ) ಮೊಂಡುತನ ಮಾಡುತ್ತದೆ, ಹಾಗಾಗಿ ಮೊದಲ ಕೆಲವು ತಿರುವುಗಳಲ್ಲಿ ಒಂದರಿಂದ ಎರಡಕ್ಕೆ ಅವಸರವಿಲ್ಲದೆ ಎರಡು ಬೆರಳಲ್ಲಿ ಎಳೆಯಬೇಕು. ಗೇರ್ ಆಯಿಲ್ ಬೆಚ್ಚಗಾದ ಮೇಲೆ ಲಿವರ್ ಬರೀ ಮಣಿಕಟ್ಟಿನ ಅಲುಗಾಟಕ್ಕೆ ಸರಿಯುತ್ತದೆ, ಪ್ರತಿ ಗೇರ್ ಕುಳಿತದ್ದೂ ಅಂಗೈಗೆ ತಿಳಿಯುತ್ತದೆ. ಕ್ಲಚ್ ಪೂರ್ತಿ ಬಿಡದಿದ್ದರೆ ಮೊದಲು ಹೋಗುವುದು ಈ ಸುಖ, ಅದರ ಹಿಂದೆ ಸಿಂಕ್ರೊಗಳು. ಆದ್ದರಿಂದ ಇದನ್ನು ಮುಂದೂಡಬಾರದು.

ಮಾರುತಿ 800, ಆಲ್ಟೊಗಳಲ್ಲಿ ಓಡಿಸಲು ಕಲಿತವರ ಕಾಲಿಗೆ ಕೇಬಲ್ ಕ್ಲಚ್ ಅಭ್ಯಾಸ. ಅಲ್ಲಿ ಪ್ಲೇಟ್ ಸವೆದಂತೆ ಪೆಡಲಿನ ಆಟ ಬದಲಾಗುತ್ತದೆ, ನಟ್ ತಿರುಗಿಸಿ ಸರಿ ಮಾಡುತ್ತೇವೆ. ಮಿಯಾಟಾದ್ದು ದ್ರವದ (ಫ್ಲೂಯಿಡ್) ಒತ್ತಡದಿಂದ ನಡೆಯುವ ಹೈಡ್ರಾಲಿಕ್ ಕ್ಲಚ್, ಅದು ಸವೆತವನ್ನು ತಾನೇ ಹೊಂದಿಸಿಕೊಳ್ಳುತ್ತದೆ: ಪೆಡಲ್ ಬಿಟ್ಟಾಗ ಸ್ಲೇವ್ ಪಿಸ್ಟನ್ ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲುತ್ತದೆ, ಹೆಚ್ಚಾದ ಫ್ಲೂಯಿಡ್ ಮೇಲಿನ ಡಬ್ಬಿಗೆ ಮರಳುತ್ತದೆ. ಹಾಗಾಗಿ ಈ ಕಾರಿನಲ್ಲಿ ಪೆಡಲ್ ಮೆತ್ತಗಾಯಿತು, ಹಿಡಿಯುವ ಜಾಗ ನೆಲದ ಹತ್ತಿರಕ್ಕೆ ಇಳಿಯಿತು ಅಂದರೆ ಬಹುಪಾಲು ಅದು ಪ್ಲೇಟಿನ ಸವೆತವಲ್ಲ, ಒತ್ತಡ ಎಲ್ಲೋ ಸೋರುತ್ತಿದೆ ಅಥವಾ ಗಾಳಿ ಸೇರಿದೆ ಎಂದೇ ಅರ್ಥ. ‘ಕ್ಲಚ್ ಪ್ಲೇಟ್ ಹೋಗಿದೆ, ಗೇರ್‌ಬಾಕ್ಸ್ ಇಳಿಸಬೇಕು’ ಎಂಬ ಮಾತಿಗೆ ತಲೆಯಾಡಿಸುವ ಮುಂಚೆ ಇದು ನೆನಪಿರಲಿ.

ಎರಡು ದೋಷಗಳನ್ನು ಬೇರೆ ಮಾಡಿ ನೋಡಬೇಕು. ನಾಲ್ಕು ಅಥವಾ ಐದನೇ ಗೇರಿನಲ್ಲಿ ಏರು ರಸ್ತೆಯಲ್ಲಿ ಆಕ್ಸಿಲರೇಟರ್ ಒತ್ತಿದಾಗ ಆರ್‌ಪಿಎಂ ಏರಿ ವೇಗ ಏರದಿದ್ದರೆ ಅದು ಸ್ಲಿಪ್. ಪ್ಲೇಟು, ಸ್ಪ್ರಿಂಗು, ಎಣ್ಣೆ ಸೋರಿಕೆಯ ಕಡೆ ನೋಡಿ. ಪೆಡಲ್ ಪೂರ್ತಿ ಒತ್ತಿದರೂ ಮೊದಲ ಗೇರ್ ಕೂರದೆ, ರಿವರ್ಸ್‌ಗೆ ಹಾಕಿದರೆ ಕರಕರ ಅಂದು, ಸಿಗ್ನಲ್‌ನಲ್ಲಿ ಕಾರು ಮುಂದಕ್ಕೆ ತೆವಳಿದರೆ ಅದು ಡ್ರ್ಯಾಗ್. ಎಂಜಿನ್ ಆರಿಸಿ ಅದೇ ಗೇರ್ ಹಾಕಿ ನೋಡಿ. ಸಲೀಸಾಗಿ ಸರಿದರೆ ಗೇರ್‌ಬಾಕ್ಸಿನ ತಪ್ಪಿಲ್ಲ, ಕ್ಲಚ್ ಬಿಡುತ್ತಿಲ್ಲ. ಎಂಜಿನ್ ಆರಿಸಿದರೂ ಲಿವರ್ ಗಡುಸಾಗೇ ಇದ್ದರೆ ಲಿವರ್ ಬುಡದ ಟರೆಟ್ (ಲಿವರ್ ಕೂರುವ ಗೂಡು) ಬಿಚ್ಚಿ ನೋಡಿ. ಅದಕ್ಕೆ ಪ್ರತ್ಯೇಕವಾಗಿ ಒಂದಿಷ್ಟು ಎಣ್ಣೆ ಇರುತ್ತದೆ, ಹಳೆಯ ಕಾರುಗಳಲ್ಲಿ ಅದು ಒಣಗಿ ಒಳಗಿನ ರಬ್ಬರ್ ಬೂಟ್ ಹರಿದಿರುವುದು ಸಾಮಾನ್ಯ.

ಡ್ರ್ಯಾಗ್ ಖಚಿತವಾದ ಮೇಲೆ ಪೆಡಲನ್ನು ಬೇಗಬೇಗ ನಾಲ್ಕೈದು ಸಲ ಒತ್ತಿ. ಪಂಪ್ ಮಾಡಿದಾಗ ಗಟ್ಟಿಯಾಗಿ, ಗೇರ್ ಬಿದ್ದು, ಸ್ವಲ್ಪ ಹೊತ್ತಿನಲ್ಲಿ ಮತ್ತೆ ಮೆತ್ತಗಾದರೆ ಹೈಡ್ರಾಲಿಕ್ಸ್ ಮೇಲೆ ಅನುಮಾನ ಗಟ್ಟಿ. ಈಗ ಬಾನೆಟ್ ತೆಗೆದು ಕ್ಲಚ್ ಡಬ್ಬಿಯ ಮುಚ್ಚಳ ಬಿಚ್ಚಿ. ಹೊಸ ಫ್ಲೂಯಿಡ್ ತಿಳಿ ಹಳದಿ ಇರುತ್ತದೆ, ಇಲ್ಲಿ ಡಿಕಾಕ್ಷನ್ ಬಣ್ಣ ಕಂಡರೆ ಸೀಲಿನ ರಬ್ಬರ್ ಮತ್ತು ಅಲ್ಯೂಮಿನಿಯಂ ಪುಡಿ ಅದರಲ್ಲೇ ತೇಲುತ್ತಿದೆ. ಮಟ್ಟ ಇಳಿದಿದ್ದರೆ ಆ ಫ್ಲೂಯಿಡ್ ಎಲ್ಲೋ ಹೊರಗೆ ಹೋಗಿರಲೇಬೇಕು. ಕಾರಿನಡಿ ಹೋಗಿ ಸ್ಲೇವ್ ತುದಿಯ ಡಸ್ಟ್ ಬೂಟಿನ ಅಂಚು ಎಳೆಯಿರಿ. ಸ್ವಲ್ಪ ತೇವ ಇದ್ದರೆ ಸೀಲ್ ಸೋಲುತ್ತಿದೆ, ತೊಟ್ಟಿಕ್ಕಿದರೆ ಸೋತಾಗಿದೆ. ಆಮೇಲೆ ಡ್ಯಾಶ್‌ಬೋರ್ಡ್ ಕೆಳಗೆ ತಲೆ ಹಾಕಿ, ಮಾಸ್ಟರ್ ಸಿಲಿಂಡರಿನ (ಪೆಡಲ್ ಒತ್ತಿದಾಗ ಫ್ಲೂಯಿಡ್ ಅನ್ನು ಸ್ಲೇವ್ ಕಡೆ ತಳ್ಳುವ ಸಿಲಿಂಡರ್) ತಳ್ಳುಕಡ್ಡಿ ಫೈರ್‌ವಾಲ್ (ಎಂಜಿನ್ ಕಡೆಯ ಗೋಡೆ) ದಾಟಿ ಬರುವ ಜಾಗ ಮುಟ್ಟಿ ನೋಡಿ. ಅಲ್ಲಿ ತೇವ, ಪೆಡಲಿನ ತೋಳಿನ ಮೇಲೆ ಇಳಿದ ಗೆರೆ, ಬಾನೆಟ್ ಕಡೆ ಮಾಸ್ಟರ್ ಕೆಳಗೆ ಪೇಂಟ್ ಗುಳ್ಳೆ ಎದ್ದಿರುವುದು ಎಲ್ಲ ಮಾಸ್ಟರ್ ಸೋರಿಕೆಯ ಗುರುತು.

ಎಲ್ಲೂ ತೇವವಿಲ್ಲ, ಮಟ್ಟವೂ ಸರಿಯಿದೆ, ಆದರೂ ಪೆಡಲ್ ಒತ್ತಿ ಹಿಡಿದಂತೆ ಕಾರು ನಿಧಾನಕ್ಕೆ ತೆವಳಲು ಶುರು ಮಾಡುತ್ತದೆ ಅನ್ನಿ. ಆಗ ಮಾಸ್ಟರ್ ಒಳಗೇ ಫ್ಲೂಯಿಡ್ ಸೀಲಿನ ತುಟಿ ದಾಟಿ ಹಿಂದಕ್ಕೆ ಹೋಗುತ್ತಿದೆ. ಹೊರಗೆ ಒಂದು ಹನಿಯೂ ಕಾಣದ ಕಾರಣ ಹೆಚ್ಚು ಜನ ಮೋಸ ಹೋಗುವುದು ಇಲ್ಲೇ. ಇದನ್ನು ಹಿಡಿಯಲು, ಒಬ್ಬರು ಪೆಡಲ್ ಒತ್ತಿರುವಾಗ ಇನ್ನೊಬ್ಬರು ಕೆಳಗಿನಿಂದ ಸ್ಲೇವ್ ತಳ್ಳುಕಡ್ಡಿ ಎಷ್ಟು ಹೊರಬರುತ್ತದೆ ಎಂದು ಸ್ಕೇಲ್ ಹಿಡಿದು ಅಳೆಯಬೇಕು. ಸುಮಾರು ಅರ್ಧ ಇಂಚು ಬಂದು ಅಲ್ಲೇ ನಿಂತರೆ ಹೈಡ್ರಾಲಿಕ್ಸ್ ಸರಿಯಿದೆ. ಆಗ ಸ್ಲೇವ್ ತಳ್ಳುವ ಫೋರ್ಕಿನ ಬಿರುಕು, ಪೈಲಟ್ ಬೇರಿಂಗ್, ಪ್ರೆಶರ್ ಪ್ಲೇಟ್ ಕಡೆ ಹೋಗಿ, ಗೇರ್‌ಬಾಕ್ಸ್ ಇಳಿಸುವ ಮಾತಿಗೆ ಆಗ ಅರ್ಥ ಬರುತ್ತದೆ. ಅಷ್ಟು ಬರದಿದ್ದರೆ ಗಾಳಿ ಅಥವಾ ಸೋರಿಕೆ. ಬಂದು ಮೆಲ್ಲಗೆ ಹಿಂದೆ ಸರಿದರೆ, ಸ್ಲೇವ್ ಒಣಗಿದ್ದರೆ, ಮಾಸ್ಟರ್. ಐದು ನಿಮಿಷದ ಈ ಅಳತೆ ಮಾಡದೆ ಗೇರ್‌ಬಾಕ್ಸಿಗೆ ಕೈ ಹಾಕುವ ಗ್ಯಾರೇಜಿಗೆ ಕಾರು ಕೊಡಬೇಡಿ.

ಸ್ಲೇವ್ ಯಾಕೆ ಸಾಯುತ್ತದೆ? ಕ್ಲಚ್‌ನಲ್ಲೂ ಇರುವುದು ಬ್ರೇಕ್ ಫ್ಲೂಯಿಡ್, ಅದು ಗಾಳಿಯ ತೇವ ಹೀರಿಕೊಳ್ಳುತ್ತದೆ. ಸ್ಲೇವ್ ಇಡೀ ವ್ಯವಸ್ಥೆಯ ತಳದಲ್ಲಿದೆ, ಇದು ಬ್ರೇಕಿನಂತೆ ಪದೇ ಪದೇ ಯಾರೂ ಬದಲಿಸುವ ಫ್ಲೂಯಿಡ್ ಅಲ್ಲ. ನೀರು, ಕೆಸರು ಎರಡೂ ಅಲ್ಲೇ ಇಳಿದು ಕೂತು ಅಲ್ಯೂಮಿನಿಯಂ ಕೊಳವೆಯ ಒಳಮೈಗೆ ಚುಕ್ಕಿಚುಕ್ಕಿ ತೂತು ಕೊರೆಯುತ್ತವೆ. ಪಿಸ್ಟನ್ ದಿನವೂ ಓಡಾಡುವ ಭಾಗ ನಯವಾಗಿರುತ್ತದೆ, ಓಡಾಡದ ಭಾಗ ತುಕ್ಕು ಹಿಡಿಯುತ್ತದೆ. ಹೊಸ ಪ್ಲೇಟ್ ಹಾಕಿದಾಗ ಪಿಸ್ಟನ್ ನಿಲ್ಲುವ ಜಾಗ ಬದಲಾಗಿ ಸೀಲ್ ಆ ಒರಟು ಜಾಗಕ್ಕೆ ಸರಿದು ಕತ್ತರಿಸಿಹೋಗುತ್ತದೆ. ಹೊಸ ಕ್ಲಚ್ ಹಾಕಿದ ಕೆಲವೇ ವಾರಕ್ಕೆ ಸ್ಲೇವ್ ಸೋರಲು ಶುರುವಾಗುವುದಕ್ಕೆ ಕಾರಣ ಇದು, ಹೊಸ ಪ್ಲೇಟಿನ ದೋಷವಲ್ಲ.

ಇದೇ ಕಾರಣಕ್ಕೆ ಸ್ಲೇವ್ ಒಂದನ್ನೇ ಬದಲಿಸಿ ಹಣ ಉಳಿಸುವುದು ನನಗೆ ಒಪ್ಪಿಗೆಯಿಲ್ಲ. ಹಳೆಯ ಮಾಸ್ಟರ್ ಇಟ್ಟುಕೊಂಡು ಬ್ಲೀಡ್ ಮಾಡುವಾಗ (ಲೈನಿನೊಳಗಿನ ಗಾಳಿ ಹೊರಹಾಕುವಾಗ) ಪೆಡಲ್ ನೆಲಕ್ಕೆ ತಾಗುವವರೆಗೆ ಒತ್ತಿದರೆ ಅದರ ಸೀಲೂ ಎಂದೂ ಮುಟ್ಟದ ಒರಟು ಭಾಗಕ್ಕೆ ಹೋಗಿ ಹರಿಯುತ್ತದೆ. ಬಜೆಟ್ ಇಲ್ಲವೇ ಇಲ್ಲ ಎಂದಾದರೆ ಪೆಡಲ್ ಕೆಳಗೆ ಒಂದು ಮರದ ತುಂಡು ಇಟ್ಟು ಓಟವನ್ನು ತಡೆದು ಬ್ಲೀಡ್ ಮಾಡಿ. ಆದರೆ ಮಾಸ್ಟರ್, ಸ್ಲೇವ್, ಮಧ್ಯದ ರಬ್ಬರ್ ಹೋಸ್ ಮೂರನ್ನೂ ಒಟ್ಟಿಗೆ ಬದಲಿಸುವುದೇ ಅಗ್ಗ. ಹೋಸ್ ಜಾಗದಲ್ಲಿ ಉಕ್ಕಿನ ಹೆಣಿಗೆಯ ಒಂದೇ ಉದ್ದದ ಲೈನ್ ಹಾಕಿದರೆ ರಬ್ಬರ್ ಉಬ್ಬುವುದು ನಿಂತು ಪೆಡಲಿನ ಹಿಡಿತ ಚುರುಕಾಗುತ್ತದೆ, ಗಾಳಿ ಸಿಕ್ಕಿಕೊಳ್ಳುವ ಬಾಗುಗಳೂ ಕಡಿಮೆಯಾಗುತ್ತವೆ. ಇದು ಮಾತ್ರ ನಿರೀಕ್ಷೆ ಮಾಡದೆ ಬಂದ ಸುಖ, ಕೊಟ್ಟ ಪ್ರತಿ ಡಾಲರ್‌ಗೂ ಬೆಲೆಯಿದೆ. ಸೀಲ್ ಕಿಟ್ ತಂದು ಹಳೆಯ ಸ್ಲೇವಿಗೆ ಹಾಕುವುದು ಒಳಮೈ ಕನ್ನಡಿಯಂತಿದ್ದರೆ ಮಾತ್ರ ಸರಿ, ಇಪ್ಪತ್ತು ಮೂವತ್ತು ವರ್ಷ ಹಳೆಯ ಭಾಗದಲ್ಲಿ ಅದು ಅಪರೂಪ.

ಕೆಲಸ ಶುರು ಮಾಡುವ ಹಿಂದಿನ ದಿನ ಲೈನಿನ ನಟ್‌ಗೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ. ಕಾರನ್ನು ಜ್ಯಾಕ್ ಸ್ಟ್ಯಾಂಡ್ ಮೇಲೆ ಕೂರಿಸಿ ಮುಂದಿನ ಬಲಗಡೆ ಚಕ್ರ ತೆಗೆದರೆ ಸ್ಲೇವ್ ಕೈಗೆ ಸಿಗುತ್ತದೆ. ಬರೀ ಜ್ಯಾಕ್ ಮೇಲೆ ನಿಂತ ಕಾರಿನಡಿ ಹೋಗಬೇಡಿ. ಲೈನಿಗೆ 10 ಮಿ.ಮೀ. ಫ್ಲೇರ್ ನಟ್ ಸ್ಪ್ಯಾನರ್ ಬೇಕೇ ಬೇಕು. ಸಾದಾ ಸ್ಪ್ಯಾನರ್ ಹಾಕಿದರೆ ಮೆತ್ತನೆ ನಟ್‌ನ ಮೂಲೆಗಳು ಉರುಟಾಗಿ ಅರ್ಧ ದಿನ ಹೋಗುತ್ತದೆ. ಸ್ಲೇವ್ ಇನ್ನೂ ಗೇರ್‌ಬಾಕ್ಸಿಗೆ ಗಟ್ಟಿಯಾಗಿರುವಾಗಲೇ ಹೋಸ್ ಸಡಿಲಿಸಿ, ಆಮೇಲೆ 12 ಮಿ.ಮೀ. ತಲೆಯ ಎರಡು ಬೋಲ್ಟ್ ಬಿಚ್ಚಿ. ಕೆಳಗೆ ತಟ್ಟೆ ಇಡಿ, ಚೆಲ್ಲಿದ್ದನ್ನು ತಕ್ಷಣ ನೀರು ಹಾಕಿ ತೊಳೆಯಿರಿ, ಪೇಂಟ್ ತಿನ್ನುತ್ತದೆ. ಹೊಸ ಸ್ಲೇವ್ ಕೂರಿಸುವ ಮುಂಚೆ ಕಡ್ಡಿಯ ತುದಿಗೆ, ಫೋರ್ಕಿನ ಗುಳಿಗೆ ಒಂದಿಷ್ಟೇ ಗ್ರೀಸ್ ಸವರಿ. ಬೋಲ್ಟುಗಳಿಗೆ 20 ನ್ಯೂಟನ್ ಮೀಟರ್ ಆಸುಪಾಸು ಸಾಕು, ಅಲ್ಯೂಮಿನಿಯಂ ಮರೆಯಲ್ಲಿ (ಬೋಲ್ಟ್ ಕೂರುವ ತಿರುಪಿನ ಗೆರೆಯಲ್ಲಿ) ಬಲ ತೋರಿಸಬೇಡಿ. ಮಾಸ್ಟರ್ ಬಿಚ್ಚುವುದು ಇದಕ್ಕಿಂತ ಬೇಸರದ ಕೆಲಸ, ಡ್ಯಾಶ್ ಕೆಳಗೆ ಮಲಗಿ ಪೆಡಲ್ ಬುಡಕ್ಕೆ ಉದ್ದ ಎಕ್ಸ್‌ಟೆನ್ಶನ್ ತೂರಿಸಬೇಕು.

ಬ್ಲೀಡಿಂಗ್‌ನಲ್ಲೇ ಹೆಚ್ಚಿನವರು ಸೋಲುತ್ತಾರೆ. ಡಾಟ್ 3 ಅಥವಾ ಡಾಟ್ 4 ಬ್ರೇಕ್ ಫ್ಲೂಯಿಡಿನ ಸೀಲ್ ಒಡೆಯದ ಬಾಟಲಿ ತನ್ನಿ. ಸಿಲಿಕೋನ್ ಆದ ಡಾಟ್ 5 ಬೇಡ, ಎಂಜಿನ್ ಆಯಿಲಿನ ಹನಿ ಕೂಡ ತಾಗಬಾರದು, ಈ ಸೀಲುಗಳ ರಬ್ಬರ್ ಪೆಟ್ರೋಲಿಯಂ ಎಣ್ಣೆಗೆ ಊದಿಕೊಳ್ಳುತ್ತದೆ. 8 ಮಿ.ಮೀ. ಸ್ಪ್ಯಾನರ್ ಹಾಕಿದ ಬ್ಲೀಡ್ ನಿಪ್ಪಲ್‌ಗೆ ಪಾರದರ್ಶಕ ಕೊಳವೆ ಸಿಕ್ಕಿಸಿ, ಅದರ ತುದಿ ಬಾಟಲಿಯ ಫ್ಲೂಯಿಡ್‌ನಲ್ಲಿ ಮುಳುಗಿರಲಿ. ಪೆಡಲ್ ನಿಧಾನವಾಗಿ ಒತ್ತಿ ಹಿಡಿಯುವುದು, ನಿಪ್ಪಲ್ ಕಾಲು ಸುತ್ತು ತೆರೆಯುವುದು, ಮುಚ್ಚುವುದು, ಆಮೇಲೆ ಪೆಡಲ್ ಬಿಡುವುದು. ಮುಚ್ಚುವ ಮುಂಚೆ ಪೆಡಲ್ ಬಿಟ್ಟರೆ ಗಾಳಿ ವಾಪಸ್ ಒಳಗೆ. ಡಬ್ಬಿ ತೀರ ಚಿಕ್ಕದು, ನಾಲ್ಕೈದು ಒತ್ತಿಗೊಮ್ಮೆ ತುಂಬದಿದ್ದರೆ ತಳ ಕಂಡು ಮತ್ತೆ ಮೊದಲಿನಿಂದ ಶುರು. ನಿರ್ವಾತ ಪಂಪ್ ಬಳಸುವವರಿಗೆ ನಿಪ್ಪಲ್ ಮರೆಯಿಂದ ಎಳೆದ ಗಾಳಿಯ ಗುಳ್ಳೆ ನಿಲ್ಲದೆ ಬರುತ್ತದೆ, ಅದನ್ನು ನೋಡಿ ಇನ್ನೂ ಗಾಳಿ ಇದೆ ಅಂದುಕೊಳ್ಳಬೇಡಿ.

ಎಷ್ಟು ಮಾಡಿದರೂ ಪೆಡಲ್ ಅರ್ಧ ಮೆತ್ತಗೇ ಉಳಿದರೆ ನಿಪ್ಪಲ್ ಮುಚ್ಚಿ, ಡಬ್ಬಿಯ ಮುಚ್ಚಳ ತೆಗೆದು, ಸ್ಲೇವ್ ಬಿಚ್ಚಿ ಅದರ ಕಡ್ಡಿಯನ್ನು ಕೈಯಿಂದ ಮೆಲ್ಲಗೆ ಒಳಕ್ಕೆ ಪೂರ್ತಿ ಒತ್ತಿ. ಹಿಂದಕ್ಕೆ ಹೋಗುವ ಫ್ಲೂಯಿಡ್ ಜೊತೆ ಗುಳ್ಳೆಗಳು ಡಬ್ಬಿಯಲ್ಲಿ ಏಳುವುದು ಕಾಣುತ್ತದೆ. ಬಿಟ್ಟು ಮತ್ತೆ ಒತ್ತಿ, ಗುಳ್ಳೆ ನಿಂತ ಮೇಲೆ ಬೋಲ್ಟ್ ಹಾಕಿ. ಬಿಚ್ಚಿಟ್ಟ ಹೊತ್ತಿನಲ್ಲಿ ಯಾರೂ ಪೆಡಲ್ ಒತ್ತಬಾರದು, ಪಿಸ್ಟನ್ ಹೊರಗೆ ಹಾರುತ್ತದೆ.

ಹೊಸ ಮಾಸ್ಟರ್ ಹಾಕಿದ ಮೇಲೆ ತಳ್ಳುಕಡ್ಡಿಯ ಲಾಕ್‌ನಟ್ ಸಡಿಲಿಸಿ ಪೆಡಲಿನಲ್ಲಿ ಕೆಲವು ಮಿಲಿಮೀಟರ್ ಖಾಲಿ ಆಟ ಉಳಿಸಲೇಬೇಕು. ಹಿಡಿತ ಎತ್ತರಕ್ಕೆ ಬರಲಿ ಎಂದು ಕಡ್ಡಿ ಉದ್ದ ಮಾಡಿ ಆಟ ಸೊನ್ನೆ ಮಾಡಿದರೆ, ಪೆಡಲ್ ಬಿಟ್ಟಾಗಲೂ ಪಿಸ್ಟನ್ ಡಬ್ಬಿಗೆ ಹೋಗುವ ಸಣ್ಣ ರಂಧ್ರ ಮುಚ್ಚಿಯೇ ಇರುತ್ತದೆ. ಬಿಸಿಯಾದ ಫ್ಲೂಯಿಡ್ ಹಿಗ್ಗಿ, ಹೋಗಲು ದಾರಿಯಿಲ್ಲದೆ ಸ್ಲೇವನ್ನು ತಳ್ಳುತ್ತದೆ. ತಣ್ಣಗಿರುವಾಗ ಚೆನ್ನಾಗಿದ್ದು ಅರ್ಧ ಗಂಟೆ ಓಡಿದ ಮೇಲೆ ಕ್ಲಚ್ ಸ್ಲಿಪ್ ಆಗಲು ಇದೇ ಕಾರಣ, ಹೊಸ ಪ್ಲೇಟನ್ನೇ ಸುಟ್ಟುಬಿಡುತ್ತದೆ.

ಊರಿಂದ ದೂರ ಪೆಡಲ್ ನೆಲಕ್ಕೆ ಬಿದ್ದುಬಿಟ್ಟರೆ ಮೊದಲು ಡಬ್ಬಿ ತುಂಬಿ ಪಂಪ್ ಮಾಡಿ ನೋಡಿ, ಕೆಲವು ಗೇರ್ ಬದಲಾವಣೆಗೆ ಸಾಕಾಗಬಹುದು. ಕಾರಿನಲ್ಲಿ ಒಂದು ಸಣ್ಣ ಬಾಟಲಿ ಫ್ಲೂಯಿಡ್ ಇಟ್ಟುಕೊಳ್ಳುವುದು ಇದಕ್ಕೇ. ಅದೂ ಆಗದಿದ್ದರೆ ಎಂಜಿನ್ ಆರಿಸಿ ಮೊದಲ ಗೇರ್ ಹಾಕಿ, ಮುಂದೆ ಖಾಲಿ ಜಾಗ ನೋಡಿಕೊಂಡು ಕೀ ತಿರುಗಿಸಿದರೆ ಸ್ಟಾರ್ಟರೇ ಕಾರನ್ನು ತಳ್ಳಿ ಎಂಜಿನ್ ಹತ್ತುತ್ತದೆ. ಅಮೆರಿಕದ ಕಾರುಗಳಲ್ಲಿ ಆಗಲೂ ಪೆಡಲ್ ಒತ್ತಿರಬೇಕು, ಅದರ ಸ್ವಿಚ್ ಇಲ್ಲದೆ ಸ್ಟಾರ್ಟರ್ ತಿರುಗದು. ಮುಂದೆ ಆಕ್ಸಿಲರೇಟರ್ ಬಿಟ್ಟು ನ್ಯೂಟ್ರಲ್‌ಗೆ ಎಳೆದು, ಆರ್‌ಪಿಎಂ ಇಳಿಯುತ್ತಿರುವಾಗ ಮುಂದಿನ ಗೇರಿನ ಕಡೆ ಲಿವರ್ ಮೆಲ್ಲಗೆ ಒತ್ತಿ ಹಿಡಿದರೆ ತಾನಾಗೇ ಒಳಗೆ ಜಾರುತ್ತದೆ. ಟ್ರಾಫಿಕ್ ಇದ್ದರೆ ಈ ಸಾಹಸ ಬೇಡ, ಟೋ ಟ್ರಕ್ ಕರೆಯಿರಿ.

ಇಷ್ಟು ದೂರು ಹೇಳಿದರೂ ಈ ವಿನ್ಯಾಸದ ಮೇಲಿನ ಸಿಟ್ಟು ಸ್ಲೇವ್ ಕೈಗೆ ಬಂದಾಗ ಇಳಿದುಬಿಡುತ್ತದೆ. ನಿಸ್ಸಾನ್ 370ಝಡ್‌ನಂಥ ಕಾರಿನಲ್ಲಿ ಸ್ಲೇವ್ ಬೆಲ್‌ಹೌಸಿಂಗ್ ಒಳಗೆ, ಇನ್‌ಪುಟ್ ಶಾಫ್ಟ್ ಸುತ್ತ ಕೂತಿದೆ. ಸೋರಿದರೆ ಗೇರ್‌ಬಾಕ್ಸ್ ಇಳಿಸಲೇಬೇಕು. ಇಲ್ಲಿ ಅದು ಹೊರಗೆ, ಎರಡು ಬೋಲ್ಟಿನಲ್ಲಿ, ಬೆಲೆ ಕಡಿಮೆ, ಮನೆಯ ಮುಂದೆಯೇ ಒಂದು ಮಧ್ಯಾಹ್ನದಲ್ಲಿ ಮುಗಿಯುವ ಕೆಲಸ. ಪ್ರತಿ ವರ್ಷ ಬ್ರೇಕ್ ಜೊತೆಗೇ ಕ್ಲಚ್ ಫ್ಲೂಯಿಡ್ ಬದಲಿಸಿ, ಸುಮಾರು ಕಾಲು ಲೀಟರ್ ಸಾಕು. ಅಷ್ಟು ಮಾಡುವವರ ಸ್ಲೇವ್ ಬಹಳ ಹೆಚ್ಚು ಕಾಲ ಬರುತ್ತದೆ.

ಹಳೆಯ ಮಿಯಾಟಾ ಕೊಳ್ಳಲು ಹೋಗುವವರು ಪೇಂಟಿಗಿಂತ ಮುಂಚೆ ಕ್ಲಚ್ ಡಬ್ಬಿಯ ಮುಚ್ಚಳ ತೆಗೆದು ಬಣ್ಣ ನೋಡಿ, ಎಂಜಿನ್ ಓಡುವಾಗ ಪೆಡಲ್ ಒತ್ತಿ ಕೆಲವು ಸೆಕೆಂಡ್ ಕಾದು ರಿವರ್ಸ್‌ಗೆ ಹಾಕಿ, ಅರ್ಧ ನಿಮಿಷ ಹಾಗೇ ಹಿಡಿದು ಕಾರು ತೆವಳುತ್ತದೆಯೇ ಗಮನಿಸಿ. ಕರಕರ ಅಂದರೆ ಮಾಸ್ಟರ್, ಸ್ಲೇವ್, ಲೈನ್ ಮೂರರ ಬೆಲೆಯನ್ನೂ ಚೌಕಾಶಿಯಲ್ಲಿ ಕಡಿಮೆ ಮಾಡಿಸಿಕೊಳ್ಳಿ, ಕಾರನ್ನು ಮಾತ್ರ ಬಿಡಬೇಡಿ. ಎರಡನೇ ಗೇರ್ ಎಂಜಿನ್ ಬಿಸಿಯಾದ ಮೇಲೂ ಕಚ್ಚಿ ಸದ್ದು ಮಾಡಿದರೆ, ಹಳೆಯ ಮಾಲೀಕರು ಡ್ರ್ಯಾಗ್ ಆಗುತ್ತಿದ್ದ ಕ್ಲಚ್‌ನಲ್ಲೇ ಬಹಳ ಕಾಲ ಓಡಿಸಿರುವ ಸಾಧ್ಯತೆ ಹೆಚ್ಚು. ಅದು ಗೇರ್‌ಬಾಕ್ಸಿನ ಖರ್ಚು, ಬೇರೆ ಕಾರು ನೋಡಿ.