ಲೆನಿನ್‌ಗ್ರಾಡ್ ಅಥವಾ ತುರ್ಕಿಸ್ತಾನ: ಅಧ್ಯಯನಕ್ಕೆ ಯಾವ ಸೇನಾ ಜಿಲ್ಲೆ?

ರಷ್ಯದ ಪ್ರಾದೇಶಿಕ ಸೇನಾ ವ್ಯವಸ್ಥೆಯ (ಒಂದೊಂದು ಪ್ರದೇಶದ ಸೇನೆಯನ್ನು ಒಂದೊಂದು ‘ಸೇನಾ ಜಿಲ್ಲೆ’ ನೋಡಿಕೊಳ್ಳುವ ಏರ್ಪಾಡಿನ) ಕುರಿತ ಪ್ರಬಂಧಕ್ಕೆ ಈ ಎರಡರಲ್ಲಿ ಯಾವುದು ಸೂಕ್ತವೆಂದು ಕೇಳಿದ್ದೀರಿ. ಎರಡೂ ಯುದ್ಧಮಂತ್ರಿ ದ್ಮಿತ್ರಿ ಮಿಲ್ಯುತಿನ್ ಅವರ ಸುಧಾರಣೆಯ ಫಲ; ಮುಂದೆ ಲೆನಿನ್‌ಗ್ರಾಡ್ ಎನಿಸಿದ ಪೀಟರ್ಸ್‌ಬರ್ಗ್ ಜಿಲ್ಲೆ 1864ರಲ್ಲಿ, ಮಧ್ಯ ಏಷ್ಯಾದ ತಾಷ್ಕೆಂಟ್ ಕೇಂದ್ರವಾದ ತುರ್ಕಿಸ್ತಾನ ಜಿಲ್ಲೆ 1867ರಲ್ಲಿ ರಚನೆಯಾದವು.

ಕಾಲವ್ಯಾಪ್ತಿಯಲ್ಲಿ ತುರ್ಕಿಸ್ತಾನ ಹಿಡಿತಕ್ಕೆ ಸಿಗುವಂಥದ್ದು, ಏಕೆಂದರೆ ನಡುವೆ ಹೆಸರು ಬದಲಾದರೂ 1992ರಲ್ಲಿ ಅದು ಮುಗಿದುಹೋಯಿತು. 1924ರಲ್ಲಿ ಈಗಿನ ಹೆಸರು ಪಡೆದ ಲೆನಿನ್‌ಗ್ರಾಡ್ ಜಿಲ್ಲೆಯಾದರೋ 2010ರಲ್ಲಿ ಪಶ್ಚಿಮ ಜಿಲ್ಲೆಯಲ್ಲಿ ವಿಲೀನಗೊಂಡು 2024ರಲ್ಲಿ ಮತ್ತೆ ತಲೆಯೆತ್ತಿದೆ.

ಸಂಘಟನೆಯಲ್ಲಿ ವ್ಯತ್ಯಾಸ ಇನ್ನೂ ಸ್ವಾರಸ್ಯಕರ. ಶಾಂತಿಕಾಲದ ಆಡಳಿತ ಘಟಕವೊಂದು ಯುದ್ಧಕಾಲದಲ್ಲಿ ರಣರಂಗದ ‘ಫ್ರಂಟ್’ (ಹಲವು ಸೇನೆಗಳನ್ನು ಒಳಗೊಂಡ ಯುದ್ಧ ಘಟಕ) ಆಗಿ ಮಾರ್ಪಡುವ ಬಗೆಯನ್ನು ತೋರಿಸಲು ಲೆನಿನ್‌ಗ್ರಾಡ್‌ಗಿಂತ ಸ್ಪಷ್ಟ ನಿದರ್ಶನ ವಿರಳ: ಜರ್ಮನ್ ದಾಳಿಯಾದ ಎರಡೇ ದಿನಗಳಲ್ಲಿ, 1941ರ ಜೂನ್ 24ರಂದು, ಅದು ಉತ್ತರ ಫ್ರಂಟ್ ಆಯಿತು. ತುರ್ಕಿಸ್ತಾನದಲ್ಲಿ ಮೊದಲ ಗವರ್ನರ್ ಜನರಲ್ ಕಾಫ್‌ಮನ್ ನಾಗರಿಕ ಆಡಳಿತದ ಜೊತೆಗೆ ಸೇನೆಯ ನಾಯಕತ್ವವನ್ನೂ ಹೊಂದಿದ್ದರಿಂದ, ಅಲ್ಲಿನ ಸೇನೆಯನ್ನು ವಸಾಹತು ಆಳ್ವಿಕೆಯಿಂದ ಬೇರ್ಪಡಿಸಿ ಓದಲಾಗದು. 1979ರಲ್ಲಿ ಅಫ್ಘಾನಿಸ್ತಾನ ಪ್ರವೇಶಿಸಿದ 40ನೇ ಸೇನೆ ರೂಪುಗೊಂಡದ್ದೂ ಇದೇ ಜಿಲ್ಲೆಯಲ್ಲಿ.

ಆಕರಗಳ ಮಾತು ಬಂದಾಗ, ರಷ್ಯನ್ ಬಾರದವರಿಗೆ ತುರ್ಕಿಸ್ತಾನವೇ ಸುಲಭ. ರಷ್ಯ ಭಾರತದತ್ತ ಸರಿಯುತ್ತಿದೆಯೆಂಬ ಬ್ರಿಟಿಷರ ಆತಂಕ, ವಿಶೇಷವಾಗಿ 1885ರ ಪಂಜ್‌ದೇಹ್ ಘಟನೆಯ (ಅಫ್ಘಾನ್ ಗಡಿಯಲ್ಲಿ ರಷ್ಯನ್ ಮತ್ತು ಅಫ್ಘಾನ್ ಪಡೆಗಳ ಘರ್ಷಣೆ) ಸುತ್ತ, ಇಂಗ್ಲಿಷಿನಲ್ಲಿ ಅಪಾರ ಬರವಣಿಗೆಗೆ ಕಾರಣವಾಯಿತು. ರಷ್ಯನ್ ಬಲ್ಲವರಾಗಿದ್ದು, ಫಿನ್ಲೆಂಡ್ ಯುದ್ಧ ಅಥವಾ ಇಂದಿನ ಸೇನಾ ಪುನರ್ರಚನೆಯಲ್ಲಿ ಆಸಕ್ತಿಯಿದ್ದರೆ ಲೆನಿನ್‌ಗ್ರಾಡನ್ನು ಆರಿಸಿ. ಸಾಮ್ರಾಜ್ಯ ಮತ್ತು ಗಡಿ ನಿಮ್ಮ ವಿಷಯವಾದರೆ ತಾಷ್ಕೆಂಟಿನಿಂದ ಆರಂಭಿಸುವುದು ಮೇಲು.