ಎಂಟು ಫೇಡರ್, ನಾಲ್ಕು ಮಳೆಗಾಲ: ಒಂದು ಮಿಕ್ಸಿಂಗ್ ಕಂಟ್ರೋಲರ್ ಜೊತೆಗಿನ ಒಡನಾಟ

ನಮ್ಮ ಕೊಡಗಿನ ಕಡೆ ಧ್ವನಿಮುದ್ರಣಕ್ಕೂ, ಮುದ್ರಿಸಿದ ದನಿಗಳ ಮಟ್ಟ ಹೊಂದಿಸಿ ಬೆರೆಸುವ ಮಿಕ್ಸಿಂಗಿಗೂ ಬೇರೆ ಬೇರೆ ಕಾಲ. ಸುಗ್ಗಿಹಬ್ಬ ಪುತ್ತರಿಯ ಹೊತ್ತಿಗೆ ಬಾಳೊಪಾಟ್ ಎಂಬ ಕೊಡವ ಜನಪದ ಹಾಡಿನವರು ಸಿಗುತ್ತಾರೆ, ಮಳೆಯೂ ಬಿಟ್ಟಿರುತ್ತದೆ, ಆಗಲೇ ಮುದ್ರಿಸಿಕೊಳ್ಳಬೇಕು. ಜೂನ್ ಬಂತೆಂದರೆ ಹೆಂಚಿನ ಮೇಲೆ ಬೀಳುವ ಮಳೆಯ ಸದ್ದಿಗೆ ಮೈಕ್ ತೆರೆಯುವ ಮಾತೇ ಇಲ್ಲ. ಬಾಗಿಲು ಹಾಕಿಕೊಂಡು, ಹೆಡ್‌ಫೋನ್ ತೊಟ್ಟು, ಮಿಕ್ಸಿಂಗಿಗೆ ಕೂರಬೇಕು. ನಾಪೋಕ್ಲು ಹತ್ತಿರದ ನಮ್ಮ ಮನೆಯ ಹಿಂಬದಿ ಕೋಣೆಯಲ್ಲಿ ಹೀಗೆ ನಾಲ್ಕು ಮಳೆಗಾಲ ನನ್ನೊಂದಿಗೆ ಕಳೆದ, ಎಂಟು ಮೋಟರ್ ಫೇಡರ್‌ಗಳ (ದನಿಯ ಮಟ್ಟ ಏರಿಳಿಸುವ, ತಾವಾಗಿಯೂ ಸರಿಯುವ ಜಾರುಗುಂಡಿಗಳ) ಒಂದು ಕಂಟ್ರೋಲರ್ ಬಗ್ಗೆ ಬರೆಯುತ್ತಿದ್ದೇನೆ. ಕಂಪನಿಯ ಹೆಸರು ಬೇಡ. ಅದು ಕೊಟ್ಟ ಕಾಟದಲ್ಲಿ ಅರ್ಧಕ್ಕೆ ನಮ್ಮ ಮನೆಯ ವೈರಿಂಗೇ ಹೊಣೆ.

"ಇದಕ್ಕೆ ಮೈಕ್ ಎಲ್ಲಿ ಸಿಕ್ಕಿಸುವುದು?" ಎಂದು ಮನೆಗೆ ಬಂದವರೆಲ್ಲ ಕೇಳುತ್ತಾರೆ. ಎಲ್ಲಿಯೂ ಇಲ್ಲ. ನೋಡಲು ಮಿಕ್ಸರ್‌ನಂತೆಯೇ ಇದ್ದರೂ ನನ್ನ ಪೆಟ್ಟಿಗೆಯೊಳಗೆ ಹಾಡು ಹಾಯುವುದೇ ಇಲ್ಲ. ಬೆರಳು ಎಷ್ಟು ಸರಿಯಿತು ಎಂಬ ಸಂದೇಶ ಮಾತ್ರ ಯುಎಸ್‌ಬಿ ತಂತಿಯಲ್ಲಿ ಕಂಪ್ಯೂಟರಿಗೆ ಹೋಗುತ್ತದೆ. ಆದ್ದರಿಂದ ಇದನ್ನು ಕೊಂಡರೆ ಧ್ವನಿ ಸುಧಾರಿಸುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಆ ದುಡ್ಡಿಗೆ ಒಳ್ಳೆಯ ಮೈಕ್ ಬರುತ್ತದೆ.

ಹಾಗಿದ್ದರೆ ನಾನೇಕೆ ಕೊಂಡೆ? ಬಾಳೊಪಾಟಿಗೆ ನಾಲ್ವರು ಕೂರುತ್ತಾರೆ, ಪ್ರತಿಯೊಬ್ಬರ ಕೈಯಲ್ಲೂ ಒಂದು ದುಡಿ. ಇಬ್ಬರು ಹಾಡಿದ್ದನ್ನು ಉಳಿದಿಬ್ಬರು ಎತ್ತಿಕೊಳ್ಳುತ್ತಾರೆ. ನಮ್ಮ ತಂಡದ ಹಿರಿಯರೊಬ್ಬರಿಗೆ ಸಾಲು ಮುಗಿಯುವ ಹೊತ್ತಿಗೆ ಪಕ್ಕದವರ ಕಡೆ ಮುಖ ತಿರುಗಿಸುವ ಅಭ್ಯಾಸ. ಕೊನೆಯ ಎರಡು ಮಾತ್ರೆ ಮೈಕಿನಿಂದ ಜಾರಿಬಿಡುತ್ತದೆ. ಎಂಬತ್ತು ವರ್ಷದ ಅಜ್ಜನಿಗೆ ಕತ್ತು ನೆಟ್ಟಗೆ ಇಟ್ಟುಕೊಳ್ಳಿ ಎಂದು ಹೇಳುವ ಧೈರ್ಯ ನನಗಿಲ್ಲ. ಕಂಟ್ರೋಲರ್ ಬರುವ ಮುಂಚೆ ಅಂಥ ಒಂದೊಂದು ಸಾಲಿನ ಕೊನೆಯನ್ನೂ ಮೌಸ್ ಹಿಡಿದು ಚುಕ್ಕಿ ಇಟ್ಟು, ಗೆರೆ ಎಳೆದು ಏರಿಸಿದೆ. ಇಪ್ಪತ್ತು ನಿಮಿಷದ ಹಾಡಿಗೆ ಮೂರು ರಾತ್ರಿ ಹಿಡಿಯಿತು. ಕೇಳಿದರೆ ದನಿ ಏಣಿ ಹತ್ತಿದಂತೆ ಮೇಲೇರುತ್ತಿತ್ತು.

ಕಂಟ್ರೋಲರ್ ಬಂದ ಮೇಲೆ ಆಟೊಮೇಷನ್ನನ್ನು (ಫೇಡರ್ ಸರಿದದ್ದನ್ನು ಕಂಪ್ಯೂಟರ್ ನೆನಪಿಟ್ಟು ಮತ್ತೆ ನಡೆಸುವ ಏರ್ಪಾಡನ್ನು) ಟಚ್ ಸ್ಥಿತಿಯಲ್ಲಿಟ್ಟು, ಕಣ್ಣು ಮುಚ್ಚಿ, ಒಂದು ಬೆರಳನ್ನು ಅಜ್ಜನ ಫೇಡರ್ ಮೇಲಿಟ್ಟೆ. ಅವರು ಉಸಿರು ತೆಗೆದುಕೊಳ್ಳುವುದು ಕೇಳಿಸಿದಾಗಲೇ ಮುಂದಿನದು ಬೆರಳಿಗೆ ಗೊತ್ತಾಗುತ್ತದೆ. ಮೆಲ್ಲಗೆ ಮೇಲೆ ತಳ್ಳಬೇಕು, ಸಾಲು ಮುಗಿದ ಮೇಲೆ ಬಿಡಬೇಕು. ಬಿಟ್ಟ ಕೂಡಲೇ ಫೇಡರ್ ಝುರ್ ಎಂದು ತಾನಾಗಿ ಹಳೆಯ ಜಾಗಕ್ಕೆ ಹಿಂದಿರುಗುತ್ತದೆ. ಲ್ಯಾಚ್ ಸ್ಥಿತಿಯಲ್ಲಾದರೆ ಬಿಟ್ಟಲ್ಲೇ ನಿಂತುಬಿಡುತ್ತದೆ, ಈ ಕೆಲಸಕ್ಕೆ ಅದು ಆಗದು. ಮೂರು ರಾತ್ರಿಯ ಕೆಲಸ ಹಾಡಿನಷ್ಟೇ ಉದ್ದದ ಇಪ್ಪತ್ತು ನಿಮಿಷಕ್ಕೆ ಇಳಿಯಿತು.

ಜೋಡಣೆ ಕಷ್ಟವಲ್ಲ, ಆದರೆ ನಾನು ಎರಡು ದಿನ ಕಳೆದೆ. ನಾನು ಬಳಸುವ ಮಿಕ್ಸಿಂಗ್ ಸಾಫ್ಟ್‌ವೇರ್ ರೀಪರ್. ಅದರ ಕಂಟ್ರೋಲ್ ಸರ್ಫೇಸ್ ಪಟ್ಟಿಗೆ ಮ್ಯಾಕಿ ಕಂಟ್ರೋಲ್ ಎಂಬ ಸಂದೇಶ ಪದ್ಧತಿಯನ್ನು ಸೇರಿಸಿ, ಮಿಡಿ (MIDI, ಸಂಗೀತ ಯಂತ್ರಗಳು ಸಂದೇಶ ಕಳಿಸುವ ಭಾಷೆ) ಇನ್‌ಪುಟ್ ಮಾತ್ರ ಆರಿಸಿದ್ದೆ. ಕೈಯಿಂದ ಸರಿಸಿದರೆ ತೆರೆಯ ಮೇಲೆ ಸರಿಯುತ್ತದೆ, ತೆರೆಯ ಮೇಲೆ ಸರಿಸಿದರೆ ಫೇಡರ್ ಮಾತ್ರ ಕಲ್ಲಿನಂತೆ ನಿಂತಿದೆ. ಔಟ್‌ಪುಟ್ಟನ್ನೂ ಆರಿಸಿದಾಗ ಎಂಟೂ ಒಟ್ಟಿಗೆ ಎದ್ದು ನಿಂತವು. ಈ ಮ್ಯಾಕಿ ಪದ್ಧತಿಯಲ್ಲಿ ಫೇಡರ್‌ನ ಮಟ್ಟ ಪಿಚ್ ಬೆಂಡ್ ಎಂಬ ಮಿಡಿ ಸಂದೇಶವಾಗಿ ಹೋಗುತ್ತದೆ. ಸಾಮಾನ್ಯ ಮಿಡಿ ಕಂಟ್ರೋಲ್ ಸಂದೇಶಕ್ಕೆ 0ಯಿಂದ 127ರವರೆಗೆ 128 ಮೆಟ್ಟಿಲು ಮಾತ್ರ, ಪಿಚ್ ಬೆಂಡ್‌ಗೆ 16,384. ಅಷ್ಟನ್ನೂ ಫೇಡರ್ ಬಳಸುವುದಿಲ್ಲ, ಆದರೂ 128 ಮೆಟ್ಟಿಲಿಗಿಂತ ಎಷ್ಟೋ ನಯವಾಗಿ ಸರಿಯುತ್ತದೆ. ಪ್ರೊ ಟೂಲ್ಸ್ ಎಂಬ ಸಾಫ್ಟ್‌ವೇರ್ ಬಳಸುವವರು ಪೆಟ್ಟಿಗೆಯಲ್ಲಿ ಹೆಚ್‌ಯುಐ ಎಂಬ ಪದ್ಧತಿ ಇದೆಯೇ ಎಂದು ನೋಡಿಕೊಳ್ಳಬೇಕು.

ಪ್ರತಿ ಫೇಡರ್ ಮೇಲಿನ ಪುಟ್ಟ ಪರದೆಯಲ್ಲಿ ಟ್ರ್ಯಾಕಿನ (ಬೇರೆಯಾಗಿ ಮುದ್ರಿಸಿದ ಒಂದೊಂದು ದನಿಯ) ಹೆಸರಿಗೆ ಏಳೇ ಅಕ್ಷರದ ಜಾಗ, ಅದೂ ರೋಮನ್ ಲಿಪಿಯಲ್ಲಿ. ‘ದುಡಿ’ ಎಂದು ಕನ್ನಡದಲ್ಲಿ ಬರೆದ ನನ್ನ ಟ್ರ್ಯಾಕುಗಳೆಲ್ಲ ಅನಾಮಧೇಯವಾದವು. ಕೊನೆಗೆ ಬಣ್ಣದ ಟೇಪ್ ಅಂಟಿಸಿ ಪೆನ್ನಿನಿಂದ ಬರೆದೆ. ಆದರೆ ಬ್ಯಾಂಕ್ ಗುಂಡಿ ಒತ್ತಿ ಮುಂದಿನ ಎಂಟು ಟ್ರ್ಯಾಕಿಗೆ ಹೋದರೆ ಟೇಪ್ ಸುಳ್ಳು ಹೇಳುತ್ತದೆ. ಅಜ್ಜನ ದನಿ ಎಂದುಕೊಂಡು ರಿವರ್ಬ್, ಅಂದರೆ ಮಾರ್ದನಿಯ ಫೇಡರ್ ಏರಿಸಿ, ಇಡೀ ಹಾಡನ್ನು ಬಾವಿಯೊಳಗೆ ಇಳಿಸಿದ್ದೂ ಉಂಟು.

ಇನ್ನು ಮಳೆಗಾಲದ ಕಥೆ. ಎರಡನೆಯ ವರ್ಷ ಜುಲೈಯಲ್ಲಿ ಮರ ಬಿದ್ದು ಐದು ದಿನ ಕರೆಂಟ್ ಇರಲಿಲ್ಲ. ಮೋಟರ್‌ಗಳಿಗೆ ಅಡಾಪ್ಟರ್ ಬೇಕೇ ಬೇಕು, ಯುಎಸ್‌ಬಿಯ ಶಕ್ತಿ ಸಾಲದು. ಇನ್ವರ್ಟರ್‌ಗೆ ಸಿಕ್ಕಿಸಿದೆ. ಆಗ ಶುರುವಾಯಿತು ಜಗ್ಗಾಟ: ನಾನು ಮೇಲೆ ತಳ್ಳಿದರೆ ಫೇಡರ್ ಕೆಳಗೆ ಎಳೆಯುತ್ತದೆ, ಹಟಮಾರಿ ಕರುವಿನ ಹಾಗೆ. ಯಂತ್ರ ಕೆಟ್ಟಿತೆಂದು ಬೆಂಗಳೂರಿಗೆ ಕಳುಹಿಸಿದೆ. ಎರಡು ತಿಂಗಳು ಇಟ್ಟುಕೊಂಡು ‘ದೋಷವಿಲ್ಲ’ ಎಂಬ ಚೀಟಿಯೊಂದಿಗೆ ಮರಳಿಸಿದರು. ಕಾರಣ ಹೇಳಿದವರು ವಿರಾಜಪೇಟೆಯ ಒಬ್ಬ ಟಿವಿ ರಿಪೇರಿಯವರು. ಬೆರಳು ಮುಟ್ಟಿದ್ದನ್ನು ಫೇಡರ್ ಅರಿಯುವುದು ಮೈಯ ವಿದ್ಯುತ್ ಗುಣದಿಂದ, ಅದಕ್ಕೆ ಅರ್ತಿಂಗ್ ಸರಿಯಿರಬೇಕು. ನಮ್ಮ ಇನ್ವರ್ಟರ್ ಸಾಲಿನಲ್ಲಿ ಅರ್ತ್ ತಂತಿಯೇ ಇರಲಿಲ್ಲ. ಬೆರಳಿದೆ ಎಂದು ತಿಳಿಯದ ಮೋಟರ್ ತನ್ನ ಪಾಡಿಗೆ ತಾನು ಹಳೆಯ ಜಾಗಕ್ಕೆ ಹೋಗಲು ನೋಡುತ್ತಿತ್ತು. ತಂತಿ ಎಳೆಸಿದ ಮೇಲೆ ಆ ತಕರಾರು ಮತ್ತೆ ಬಂದಿಲ್ಲ.

ತೇವದ್ದು ಬೇರೆ ಕಾಟ. ಮೂರನೆಯ ವರ್ಷ ಐದನೆಯ ಫೇಡರ್ ಅರ್ಧದಲ್ಲಿ ತಡೆಯತೊಡಗಿತು. ಕೈಗೆ ಸಿಕ್ಕ ಬಾಗಿಲ ಕೀಲಿನ ಸ್ಪ್ರೇ ಹೊಡೆದದ್ದು ನನ್ನ ದಡ್ಡತನ. ಜಿಡ್ಡಿಗೆ ಧೂಳು ಮೆತ್ತಿ ಮೊದಲಿಗಿಂತ ಬಿಗಿಯಾಯಿತು. ಫೇಡರ್‌ಗೆಂದೇ ಸಿಗುವ ಕ್ಲೀನರ್ ಮಾತ್ರ ಬಳಸಬೇಕು. ಈಗ ಕೆಲಸ ಮುಗಿದ ಕೂಡಲೇ ಪ್ಲಗ್ ಕಿತ್ತು, ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಮುಚ್ಚಿಡುತ್ತೇನೆ.

ಮತ್ತೆ ಕೊಳ್ಳುವುದಾದರೆ ಎಂಟರದ್ದು ಕೊಳ್ಳುವುದಿಲ್ಲ. ನಾಲ್ಕು ವರ್ಷದಲ್ಲಿ ನನ್ನ ಕೈ ಒಂದು ಸಲಕ್ಕೆ ಇದ್ದದ್ದು ಒಂದೇ ಫೇಡರ್ ಮೇಲೆ, ಹೆಚ್ಚೆಂದರೆ ಎರಡರ ಮೇಲೆ. ಕಿವಿಗೂ ಅಷ್ಟೇ ಸಾಮರ್ಥ್ಯ. ಪ್ರಿಸೋನಸ್ ಫೇಡರ್‌ಪೋರ್ಟ್, ಬೆಹ್ರಿಂಗರ್ ಎಕ್ಸ್-ಟಚ್ ಒನ್‌ನಂಥ ಒಂದೇ ಮೋಟರ್ ಫೇಡರಿನವು ಸಿಗುತ್ತವೆ, ಮೇಜಿನ ಮೇಲೆ ಕಾಫಿ ಲೋಟಕ್ಕೂ ಜಾಗ ಉಳಿಯುತ್ತದೆ. ಕಾರ್ಗ್ ನ್ಯಾನೊಕಂಟ್ರೋಲ್ 2ರಂಥ ಮೋಟರ್ ಇಲ್ಲದವು ಅಗ್ಗ, ಹಗುರ. ಆದರೆ ಬ್ಯಾಂಕ್ ಬದಲಿಸಿದಾಗ ಸ್ಲೈಡರ್ ಇರುವ ಜಾಗವೂ ತೆರೆಯ ಮೇಲಿನ ಮಟ್ಟವೂ ಬೇರೆ ಬೇರೆಯಾಗುವುದರಿಂದ ನನ್ನಂಥ ಕೆಲಸಕ್ಕೆ ಒಗ್ಗುವುದಿಲ್ಲ.

ಹಳೆಯದನ್ನು ಕೊಳ್ಳುವವರಿಗೆ ಒಂದು ಪರೀಕ್ಷೆ. ಸಾಫ್ಟ್‌ವೇರಿನಲ್ಲಿ ಎಂಟೂ ಟ್ರ್ಯಾಕನ್ನು ಒಟ್ಟಿಗೆ ಸೊನ್ನೆ ಡೆಸಿಬೆಲ್‌ಗೆ ತಂದು ಫೇಡರ್‌ಗಳನ್ನು ಪಕ್ಕದಿಂದ ನೋಡಿ. ಎಲ್ಲವೂ ಒಂದೇ ಗೆರೆಯಲ್ಲಿ ನಿಲ್ಲಬೇಕು. ನಂತರ ಕೆಳಕ್ಕೆ ಇಳಿಸಿ ಮತ್ತೆ ಏರಿಸಿ. ಯಾವುದಾದರೂ ಒಂದು ಹಿಂದೆ ಬಿದ್ದರೆ ಅಥವಾ ತುದಿಯಲ್ಲಿ ನಡುಗಿದರೆ ಬೆಲೆ ಇಳಿಸಲು ಹೇಳಿ.